ಪದಚರ್ಚೆ: ಪಿಸಿಆರ್‌ನ 'ಅನೀಲಿಂಗ್'ಗೆ 'ಹದಗೊಳಿಸುವಿಕೆ' ಸರಿಯೇ?

ಪ್ರಶ್ನೆ:
ಪದವಿ ತರಗತಿಗೆ ಪಿಸಿಆರ್ (ಡಿಎನ್‌ಎ ತುಂಡೊಂದರಿಂದ ಅಪಾರ ನಕಲುಗಳನ್ನು ತೆಗೆಯುವ ಪಾಲಿಮರೇಸ್ ಸರಪಳಿ ಕ್ರಿಯೆ) ಬಗ್ಗೆ ಕನ್ನಡದಲ್ಲಿ ಪಾಠ ಸಿದ್ಧಪಡಿಸುತ್ತಿದ್ದೇವೆ. ಡಿನೇಚರೇಶನ್‌ಗೆ 'ವಿಘಟನೆ', ಅನೀಲಿಂಗ್‌ಗೆ 'ಹದಗೊಳಿಸುವಿಕೆ', ಆಂಪ್ಲಿಫಿಕೇಶನ್‌ಗೆ 'ವರ್ಧನೆ' ಎಂದು ಬಳಸಿದ್ದೇವೆ. ನಕಲಿಗೆ ಮೂಲವಾಗುವ ಎಳೆಗೆ, ಅಂದರೆ ಟೆಂಪ್ಲೇಟ್‌ಗೆ, 'ಅಚ್ಚು' ಅನ್ನಬಹುದೇ? ಬಲ್ಲವರು ತಿಳಿಸಿ.

ಉತ್ತರ 1:
'ಹದಗೊಳಿಸುವಿಕೆ' ಬೇಡ. ಅದು ಲೋಹ, ಗಾಜುಗಳನ್ನು ಕಾಯಿಸಿ ನಿಧಾನವಾಗಿ ಆರಿಸುವ ಕೆಲಸದ ಮಾತು. ಪಿಸಿಆರ್‌ನಲ್ಲಿ ಮೊದಲು ಮಿಶ್ರಣವನ್ನು 95 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 30 ಸೆಕೆಂಡು ಇಡುತ್ತಾರೆ. ಡಿಎನ್‌ಎಯ ಎರಡು ಎಳೆಗಳ ನಡುವಿನ ಹೈಡ್ರೋಜನ್ ಬಂಧಗಳು ಬಿಡುತ್ತವೆ, ಆದರೆ ಎಳೆಗಳು ತುಂಡಾಗುವುದಿಲ್ಲ. ಹಾಗಾಗಿ 'ವಿಘಟನೆ'ಯೂ ದಾರಿ ತಪ್ಪಿಸುತ್ತದೆ. 'ಎಳೆ ಬೇರ್ಪಡಿಕೆ' ಸಾಕು. ಆಮೇಲೆ 50ರಿಂದ 65 ಡಿಗ್ರಿಗೆ ಇಳಿಸಿದಾಗ, 18ರಿಂದ 25 ಬೇಸ್ (ಡಿಎನ್‌ಎಯ 'ಅಕ್ಷರ'ಗಳಾದ ಎ, ಟಿ, ಜಿ, ಸಿ) ಉದ್ದದ ಪ್ರೈಮರ್‌ಗಳು, ಅಂದರೆ ನಕಲು ಶುರುವಾಗುವ ಜಾಗ ಗುರುತಿಸುವ ಚಿಕ್ಕ ಡಿಎನ್‌ಎ ತುಣುಕುಗಳು, ಒಂಟಿ ಎಳೆಯಲ್ಲಿ ತಮಗೆ ಹೊಂದುವ ಜಾಗದಲ್ಲಿ ಕೂರುತ್ತವೆ: ಎ ಎದುರಿಗೆ ಟಿ, ಜಿ ಎದುರಿಗೆ ಸಿ. ಇದೇ ಅನೀಲಿಂಗ್. 'ಪ್ರೈಮರ್ ಕೂರುವುದು' ಎಂದರೂ ಅರ್ಥವಾಗುತ್ತದೆ. ಪಾಠಕ್ಕೆ 'ಜೋಡಿಗೂಡುವಿಕೆ' ಇರಲಿ. ಕೊನೆಗೆ 72 ಡಿಗ್ರಿಯಲ್ಲಿ ಟ್ಯಾಕ್ ಪಾಲಿಮರೇಸ್ ಎಂಬ ಕಿಣ್ವ ಎಳೆ ಬೆಳೆಸುತ್ತದೆ, ಸಾವಿರ ಬೇಸಿಗೆ ಸುಮಾರು ಒಂದು ನಿಮಿಷದಂತೆ.

ಇಷ್ಟು ಹಟ ಹಿಡಿಯಲು ಕಾರಣವಿದೆ. ಪ್ರಯೋಗ ಹೆಚ್ಚಾಗಿ ಕೆಡುವುದು ಈ ನಡುವಿನ ಹಂತದಲ್ಲೇ. ಚಿಕ್ಕ ಪ್ರೈಮರ್ ಎಷ್ಟು ಶಾಖಕ್ಕೆ ಎಳೆಯಿಂದ ಬಿಡುತ್ತದೆ ಎಂಬುದರ ಸ್ಥೂಲ ಲೆಕ್ಕ ಹೀಗೆ: ಪ್ರತಿ ಎ ಅಥವಾ ಟಿಗೆ 2 ಡಿಗ್ರಿ, ಪ್ರತಿ ಜಿ ಅಥವಾ ಸಿಗೆ 4 ಡಿಗ್ರಿ. 20 ಬೇಸಿನ ಪ್ರೈಮರ್‌ನಲ್ಲಿ 10 ಜಿ-ಸಿ ಇದ್ದರೆ 60 ಡಿಗ್ರಿಗೆ ಅರ್ಧದಷ್ಟು ಪ್ರೈಮರ್‌ಗಳು ಬಿಟ್ಟಿರುತ್ತವೆ. ಅದಕ್ಕಿಂತ 5 ಡಿಗ್ರಿ ಕೆಳಗೆ, 55ರಿಂದ ಶುರು ಮಾಡಬೇಕು. ಶಾಖ ತೀರ ಕಡಿಮೆಯಾದರೆ ಅರೆಬರೆ ಹೊಂದುವ ಕಡೆಯೂ ಪ್ರೈಮರ್ ಕೂತು, ತುಂಡುಗಳನ್ನು ಉದ್ದಕ್ಕೆ ತಕ್ಕಂತೆ ಬೇರ್ಪಡಿಸಿ ತೋರಿಸುವ ಜೆಲ್‌ನಲ್ಲಿ ಒಂದು ಪಟ್ಟಿ ಬರಬೇಕಾದಲ್ಲಿ ನಾಲ್ಕಾರು ಕಾಣಿಸುತ್ತವೆ. ಹೆಚ್ಚಾದರೆ ಕೂರುವುದೇ ಇಲ್ಲ, ಜೆಲ್ ಖಾಲಿ. ಕಿಣ್ವದ ಕೆಲಸಕ್ಕೆ ಬೇಕಾದ ಮೆಗ್ನೀಸಿಯಂ ಹೆಚ್ಚಾದರೂ ತಪ್ಪು ಜೋಡಿಗಳು ಬಿಡದೆ ನಿಲ್ಲುತ್ತವೆ, 1.5 ಮಿಲಿಮೋಲಾರ್‌ನಿಂದ ಆರಂಭಿಸುವುದು ವಾಡಿಕೆ. ಡಿಎನ್‌ಎ ಇಟ್ಟಿರುವ ದ್ರಾವಣದಲ್ಲಿ ಇಡಿಟಿಎ ಎಂಬ ರಾಸಾಯನಿಕ ಜಾಸ್ತಿ ಇದ್ದರೆ ಅದು ಮೆಗ್ನೀಸಿಯಂ ಅನ್ನು ಹಿಡಿದಿಟ್ಟು ಕಿಣ್ವದ ಕೆಲಸ ನಿಲ್ಲಿಸುತ್ತದೆ. ಎರಡು ಪ್ರೈಮರ್‌ಗಳ ಮೂರು-ಪ್ರೈಮ್ ತುದಿಗಳು (ಎಳೆ ಬೆಳೆಯುವ ಕಡೆಯವು) ಪರಸ್ಪರ ಹೊಂದಿಬಿಟ್ಟರೆ ಅವೇ ಜೋಡಿಯಾಗಿ ಬೆಳೆದು, ಜೆಲ್‌ನ ತಳದಲ್ಲಿ 100 ಬೇಸಿಗಿಂತ ಚಿಕ್ಕದೊಂದು ಮಸುಕು ಪಟ್ಟಿ ಮೂಡುತ್ತದೆ. 'ಹದಗೊಳಿಸುವಿಕೆ' ಎಂದು ಓದಿದ ವಿದ್ಯಾರ್ಥಿಗೆ ಇದ್ಯಾವುದೂ ಹೊಳೆಯದು.

ಉತ್ತರ 2:
ಮೇಲಿನದಕ್ಕೆ ನನ್ನ ಒಪ್ಪಿಗೆಯಿದೆ. 'ಅಚ್ಚು' ಚೆನ್ನಾಗಿಯೇ ಹೊಂದುತ್ತದೆ: ಅಚ್ಚಿನ ತಗ್ಗು ಒತ್ತಿದಲ್ಲಿ ಉಬ್ಬಾಗುವಂತೆ, ಹೊಸ ಎಳೆಯೂ ಹಳೆಯದರ ಪಡಿಯಚ್ಚಲ್ಲ, ಅದರ ಪೂರಕ. ಪ್ರೈಮರ್ ಪ್ರೈಮರ್ ಆಗಿಯೇ ಇರಲಿ.

'ವರ್ಧನೆ' ಅಂದರೆ ಗಾತ್ರ ಹಿಗ್ಗಿದಂತೆ ಕೇಳಿಸುತ್ತದೆ. ಇಲ್ಲಿ ತುಂಡಿನ ಉದ್ದ ಅಷ್ಟೇ ಇರುತ್ತದೆ, ಪ್ರತಿಗಳ ಸಂಖ್ಯೆ ಪ್ರತಿ ಸುತ್ತಿಗೂ (ಮೇಲಿನ ಮೂರು ಹಂತ ಸೇರಿ ಒಂದು ಸುತ್ತು) ಇಮ್ಮಡಿಸುತ್ತದೆ. 'ಪ್ರತಿಗಳ ಇಮ್ಮಡಿಕೆ' ಎನ್ನಿ. ಒಂದು ಸುತ್ತಿನ ಪ್ರತಿಯೇ ಮುಂದಿನ ಸುತ್ತಿಗೆ ಅಚ್ಚಾಗುವುದರಿಂದ 'ಸರಪಳಿ ಕ್ರಿಯೆ' ಎಂಬ ಹೆಸರು. ಲೆಕ್ಕದ ಪ್ರಕಾರ 30 ಸುತ್ತಿಗೆ ಒಂದು ತುಂಡು 107 ಕೋಟಿ ದಾಟುತ್ತದೆ. ಕೊನೆಯ ಸುತ್ತುಗಳಲ್ಲಿ ಕಿಣ್ವ ಸೋಲುವುದರಿಂದ, ಪ್ರೈಮರ್ ಕಡಿಮೆಯಾಗುವುದರಿಂದ ನಿಜವಾಗಿ ಅಷ್ಟು ಸಿಗದು. ಹಳೆಯ ಪ್ರಯೋಗದ ಒಂದು ಹನಿ ಸಿಡಿದು ಬಿದ್ದರೂ ಅದೂ ಹೀಗೆಯೇ ಕೋಟಿಯಾಗುತ್ತದೆ. ಆದ್ದರಿಂದ ಡಿಎನ್‌ಎ ಹಾಕದ ಟ್ಯೂಬೊಂದನ್ನು ಪ್ರತಿ ಸಲವೂ ಜೊತೆಗಿಡಬೇಕು. ಅದರಲ್ಲಿ ಪಟ್ಟಿ ಬಂದರೆ ಉಳಿದ ಫಲಿತಾಂಶಗಳನ್ನು ನಂಬುವಂತಿಲ್ಲ.

ಅಮೆರಿಕದ ರಸಾಯನ ವಿಜ್ಞಾನಿ ಕ್ಯಾರಿ ಮುಲ್ಲಿಸ್ 1983ರಲ್ಲಿ ಈ ವಿಧಾನ ರೂಪಿಸಿದಾಗ ಕಿಣ್ವ 95 ಡಿಗ್ರಿಯಲ್ಲಿ ಸಾಯುತ್ತಿತ್ತು, ಪ್ರತಿ ಸುತ್ತಿಗೂ ಹೊಸದಾಗಿ ಹಾಕಬೇಕಿತ್ತು. ಅಮೆರಿಕದ ಯೆಲ್ಲೊಸ್ಟೋನ್ ಬಿಸಿನೀರ ಬುಗ್ಗೆಯಲ್ಲಿ ಸಿಕ್ಕ ಥರ್ಮಸ್ ಅಕ್ವಾಟಿಕಸ್ ಬ್ಯಾಕ್ಟೀರಿಯಾದ ಕಿಣ್ವ ಬಂದ ಮೇಲೆ ಆ ತಾಪತ್ರಯ ತಪ್ಪಿತು. 'ಟ್ಯಾಕ್' ಆ ಹೆಸರಿನದೇ ಚುಟುಕು ರೂಪ.

ಪಾಠದಲ್ಲಿ ಕೋವಿಡ್ ಪರೀಕ್ಷೆಯೂ ಬರುವುದಾದರೆ 'ಸಿಟಿ ವ್ಯಾಲ್ಯೂ' (ಸೈಕಲ್ ಥ್ರೆಶೋಲ್ಡ್) ಎಂದಷ್ಟೇ ಬರೆಯಬೇಡಿ, ಓದುವವರು ಸಿಟಿ ಸ್ಕ್ಯಾನ್ ಅಂದುಕೊಳ್ಳುತ್ತಾರೆ. ಇದು ಪ್ರತಿಗಳು ಹೆಚ್ಚಿದಂತೆ ಯಂತ್ರದಲ್ಲಿ ಏರುವ ಹೊಳಪು ನಿಗದಿತ ಗೆರೆ ದಾಟಿದ ಸುತ್ತಿನ ಸಂಖ್ಯೆ. 'ಗೆರೆ ದಾಟಿದ ಸುತ್ತು' ಎನ್ನಬಹುದು. ಸಂಖ್ಯೆ ಕಡಿಮೆಯಾದಷ್ಟೂ ಮಾದರಿಯಲ್ಲಿ ವೈರಾಣುವಿನ ಆರ್‌ಎನ್‌ಎ ಹೆಚ್ಚು ಇತ್ತೆಂದು ಅರ್ಥ: ಸುಮಾರು 3.3 ಸುತ್ತು ಮುಂಚೆ ದಾಟಿದರೆ ಹತ್ತು ಪಟ್ಟು.