ಮನೆಯ ಊಟದ ರೂಢಿ ಮಕ್ಕಳಿಗೆ ಇಳಿಯುವುದು ಹೇಗೆ? ಅನುಭವ ಹಂಚಿಕೊಳ್ಳಿ

ಡೊಂಬಿವಲಿಯಿಂದ ಪ್ರಶ್ನೆ:
ನಾನು ಧಾರವಾಡದ ಕಡೆಯವಳು, ನಮ್ಮ ಯಜಮಾನರು ಉಡುಪಿಯ ಕಡೆಯವರು. ಜೋಳದ ರೊಟ್ಟಿ, ಕಾಳುಪಲ್ಯ ಉಂಡು ನಾನು ಬೆಳೆದೆ. ಅವರು ಬೆಳೆದದ್ದು ಕುಚ್ಚಲಕ್ಕಿ ಗಂಜಿ, ಬಸಳೆಯಲ್ಲಿ. ಏಳು ವರ್ಷದ ಮಗಳಿಗೆ ಈ ಎರಡೂ ಬೇಡ, ನೂಡಲ್ಸ್ ಮತ್ತು ಬಿಸ್ಕತ್ತು ಸಾಕು. ನಾವಿಬ್ಬರೂ ಲೋಕಲ್ ಹಿಡಿದು ಮನೆ ಸೇರುವಾಗ ರಾತ್ರಿ ಎಂಟಾಗಿರುತ್ತದೆ. ಅಷ್ಟರಲ್ಲಿ ಅತ್ತೆಯವರು ಮೊಬೈಲ್ ತೋರಿಸಿ ಉಣಿಸಿ ಮುಗಿಸಿರುತ್ತಾರೆ. ಹಿರಿಯರ ಒಳ್ಳೆಯ ರೂಢಿ ನಿಮ್ಮ ಮಕ್ಕಳಿಗೆ ಹೇಗೆ ಬಂತು?

ಪುಣೆಯಿಂದ:
ನಮ್ಮದು ಮೂಲತಃ ವಿಜಯಪುರ. ನಮ್ಮ ತಾಯಿ ಆಹಾರದ ಬಗ್ಗೆ ಒಂದು ದಿನವೂ ಉಪದೇಶ ಮಾಡಿದವರಲ್ಲ. ಆದರೆ ಮಕ್ಕಳಿಗೆಂದು ಬೇರೆ ಅಡುಗೆಯನ್ನೂ ಮಾಡುತ್ತಿರಲಿಲ್ಲ, ದೊಡ್ಡವರೆಲ್ಲ ಉಣ್ಣುವುದನ್ನೇ ನಾವೂ ಎದುರಿಗೆ ಕುಳಿತು ಉಣ್ಣುತ್ತಿದ್ದೆವು. ಆ ಪದ್ಧತಿಯನ್ನೇ ಇಲ್ಲಿಯೂ ಉಳಿಸಿಕೊಂಡಿದ್ದೇನೆ. ಸಂಕ್ರಾಂತಿಯ ಹಿಂದಿನ ದಿನ ಭೋಗಿಗೆ ನಮ್ಮಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬದನೆ, ಅವರೆ, ಗಜ್ಜರಿ, ಹಸಿ ಕಡಲೆ ಕೂಡಿಸಿದ ಪಲ್ಯ ಆಗುತ್ತದೆ. ನೆರೆಯ ಮರಾಠಿ ಮನೆಯಲ್ಲಿಯೂ ಹೆಚ್ಚುಕಡಿಮೆ ಅದೇ ಅಡುಗೆ. ಬದನೆ ಕಂಡರೆ ಮುಖ ತಿರುಗಿಸುತ್ತಿದ್ದ ನಮ್ಮ ಮಗ ಅದನ್ನು ಮೊದಲು ತಿಂದದ್ದು ಅವರ ಮನೆಯಲ್ಲಿ, ಓರಗೆಯ ಹುಡುಗರು ಮಾತಿಲ್ಲದೆ ತಿನ್ನುತ್ತಿದ್ದುದನ್ನು ನೋಡಿ.

ರುಚಿಯ ಪರಿಚಯ ಹುಟ್ಟುವ ಮೊದಲೇ ಆರಂಭವಾಗುತ್ತದೆ. ಗರ್ಭಿಣಿಯರಾಗಿದ್ದಾಗ ಅಥವಾ ಹಾಲೂಡಿಸುವಾಗ ಗಜ್ಜರಿಯ ರಸ ಕುಡಿದ ತಾಯಂದಿರ ಶಿಶುಗಳು ಮುಂದೆ ಆ ರುಚಿಯ ಆಹಾರವನ್ನು ಸುಲಭವಾಗಿ ಒಪ್ಪಿದವೆಂದು 2001ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತೋರಿಸಿತು. ಹಾಗೆಂದು ಏಳು ವರ್ಷಕ್ಕೆ ಕಾಲ ಮೀರಿತೆಂದು ತಿಳಿಯಬೇಕಿಲ್ಲ. ಹೊಸ ಪದಾರ್ಥವೊಂದನ್ನು ಮಗು ಒಪ್ಪಿಕೊಳ್ಳಲು 8ರಿಂದ 15 ಸಲ ಅದರ ರುಚಿ ನೋಡಬೇಕಾಗಬಹುದು. ಬಹುತೇಕ ಮನೆಗಳಲ್ಲಿ ಮೂರನೆಯ ಸಲಕ್ಕೇ "ಇವಳಿಗೆ ಇದು ಸೇರುವುದಿಲ್ಲ" ಎಂದು ತೀರ್ಮಾನಿಸಿಬಿಡುತ್ತೇವೆ. ರೊಟ್ಟಿಯ ಒಂದು ಚೂರು, ಪಲ್ಯದ ಒಂದು ಚಮಚ ತಟ್ಟೆಯಲ್ಲಿರಲಿ. ತಿಂದರೂ ಬಿಟ್ಟರೂ ಟೀಕೆ ಬೇಡ.

ಮಾಟುಂಗಾದಿಂದ:
ಅತ್ತೆಯವರನ್ನು ಅಪರಾಧಿಯನ್ನಾಗಿ ಮಾಡದಿರುವುದು ಒಳ್ಳೆಯದು. ಧಾನ್ಯದ ಕೊರತೆ ಕಂಡ ತಲೆಮಾರಿನವರಿಗೆ ಮಗು ಅರ್ಧ ಹೊಟ್ಟೆಗೆ ಏಳುವುದನ್ನು ನೋಡಲಾಗುವುದಿಲ್ಲ. ತಟ್ಟೆ ಖಾಲಿಯಾಗಲೇಬೇಕೆಂಬ ಹಟ ಅಲ್ಲಿಂದ ಬಂದದ್ದು. ಏನನ್ನು, ಯಾವಾಗ, ಎಲ್ಲಿ ಬಡಿಸಬೇಕೆಂಬುದು ಹಿರಿಯರದು, ಎಷ್ಟು ಉಣ್ಣಬೇಕು, ಉಣ್ಣಬೇಕೋ ಬೇಡವೋ ಎಂಬುದು ಮಗುವಿನದು ಎಂದು ಅಮೆರಿಕದ ಆಹಾರತಜ್ಞೆ ಎಲಿನ್ ಸ್ಯಾಟರ್ ಹೇಳಿದ ವಿಂಗಡಣೆಯನ್ನು ನಮ್ಮ ಅತ್ತೆಯವರಿಗೆ ವಿವರಿಸಿದಾಗ ಅವರು ಮೊದಲು ನಕ್ಕರು, ಆಮೇಲೆ ನಿಧಾನವಾಗಿ ಒಪ್ಪಿದರು. ಸಂಜೆ ಆರಕ್ಕೆ ಹಣ್ಣು, ಅವಲಕ್ಕಿ ಅಥವಾ ಬೇಯಿಸಿದ ಕಡಲೆ ಕೊಟ್ಟು, ಮುಖ್ಯ ಊಟವನ್ನು ನೀವು ಬಂದ ಮೇಲೆ ಎಲ್ಲರೂ ಕೂಡಿ ಮಾಡಲು ಸಾಧ್ಯವೇ ನೋಡಿ. ಅಜ್ಜಿಯೂ ಜೊತೆಗೆ ಕುಳಿತರೆ ಮೊಬೈಲಿನ ಅಗತ್ಯ ತಾನಾಗಿಯೇ ಕಡಿಮೆಯಾಗುತ್ತದೆ. ಇಲ್ಲಿನ ಮಾರುಕಟ್ಟೆಯಲ್ಲಿ ಬಸಳೆ, ಮಂಗಳೂರು ಸೌತೆ ಸಿಗುತ್ತವೆ. ಮಗಳನ್ನೂ ಕರೆತಂದು ಅವಳ ಕೈಯಿಂದಲೇ ಆರಿಸಿ.

ಮುಲುಂಡಿನಿಂದ:
ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ಮನೆತನದಿಂದ ಬಂದದ್ದೆಲ್ಲವೂ ಹಿತವಲ್ಲ. ನಮ್ಮ ಮನೆಯಲ್ಲಿ ಉಪ್ಪಿನಕಾಯಿ, ಹಪ್ಪಳ, ಮಜ್ಜಿಗೆ ಮೆಣಸು ಇಲ್ಲದೆ ಊಟವೇ ಇರಲಿಲ್ಲ; ತಂದೆಯವರಂತೆ ಅಣ್ಣನಿಗೂ ನನಗೂ ಉಪ್ಪು ಮುಂದಾಗಿಯೇ ಬೇಕು, ಈಗ ಮೂವರಿಗೂ ರಕ್ತದೊತ್ತಡದ ಮಾತ್ರೆ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಆದ್ದರಿಂದ ಎರಡು ಮನೆಗಳ ರೂಢಿಯಲ್ಲಿ ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂದು ಗಂಡ ಹೆಂಡತಿ ಮೊದಲು ಕುಳಿತು ಮಾತಾಡಿಕೊಳ್ಳಿ. ಇನ್ನೊಂದು ಮಾತು: ಶಾಲೆಯ ಡಬ್ಬಿಗೆ ಏನು ಕಳಿಸುತ್ತೀರೆಂದು ನೀವು ಬರೆದಿಲ್ಲ. ಅದನ್ನು ತಿಳಿಸಿದರೆ ನಮ್ಮ ಮನೆಯಲ್ಲಿ ಬಿಸ್ಕತ್ತಿನ ಜಾಗಕ್ಕೆ ಏನು ಬಂತೆಂದು ವಿವರವಾಗಿ ಬರೆಯುತ್ತೇನೆ.