ರಾಟ್‌ವೈಲರ್ ಮಂಡಿ ಬಾವು: ಹಿಸ್ಟಿಯೋಸೈಟಿಕ್ ಸಾರ್ಕೋಮಾ ಅಂತ ಖಚಿತ ಮಾಡೋದು ಹೇಗೆ?

ಭೈರನ ಮನೆ, ದಾವಣಗೆರೆ:
ನಮ್ಮ ಭೈರ ರಾಟ್‌ವೈಲರ್, ಎಂಟು ವರ್ಷ. ಮಳೆಗಾಲದಿಂದ ಎಡ ಹಿಂಗಾಲು ಕುಂಟುತ್ತಿದ್ದಾನೆ. ವಯಸ್ಸಿನ ಕೀಲುನೋವು ಎಂದು ಮಾತ್ರೆ ಕೊಟ್ಟಿದ್ದರು. ಈಗ ಮಂಡಿ ಸುತ್ತ ಗಟ್ಟಿ ಬಾವು. ಎಕ್ಸ್‌ರೇಯಲ್ಲಿ ಕೀಲಿನ ಮೇಲಿನ ಮೂಳೆ, ಕೆಳಗಿನ ಮೂಳೆ ಎರಡೂ ಸವೆದಿವೆ. ಸೂಜಿ ಪರೀಕ್ಷೆಯಲ್ಲಿ 'ಹಿಸ್ಟಿಯೋಸೈಟಿಕ್ ಸಾರ್ಕೋಮಾ ಇರಬಹುದು' ಎಂದು ಬಂದಿದೆ, ಅದೊಂದು ಬಗೆಯ ಕ್ಯಾನ್ಸರ್ ಅಂತೆ. ಇಷ್ಟರ ಮೇಲೆ ಕಾಲು ತೆಗೆಸಬೇಕಾ? ಬಾವು ಇಳಿಯಲಿ ಎಂದು ಸ್ಟೀರಾಯ್ಡ್ ಶುರು ಮಾಡೋಣ ಅಂತಿದ್ದಾರೆ. ರಾತ್ರಿಯೆಲ್ಲಾ ನರಳುತ್ತಾನೆ, ನೋಡೋಕಾಗ್ತಿಲ್ಲ.

ಪಶುವೈದ್ಯೆ, ಮೈಸೂರು:
ಸರ್, ಸ್ಯಾಂಪಲ್ ತೆಗೆಯುವವರೆಗೆ ಸ್ಟೀರಾಯ್ಡ್ ತಡೆಯಲು ನಿಮ್ಮ ಡಾಕ್ಟರನ್ನು ಕೇಳಿ. ಇದು ಲಿಂಫೋಮಾ (ಬಿಳಿ ರಕ್ತಕಣಗಳ ಕ್ಯಾನ್ಸರ್) ಆಗಿದ್ದರೆ ಸ್ಟೀರಾಯ್ಡ್‌ನಿಂದ ಸ್ವಲ್ಪ ಕರಗಿ, ಆಮೇಲೆ ಪತ್ತೆ ಕಷ್ಟವಾಗುತ್ತದೆ. ನೋವಿಗೆ ಬೇರೆ ಔಷಧಿಗಳಿವೆ. ಅವನ್ನು ಇವತ್ತೇ ಕೇಳಿ, ನರಳಲು ಬಿಡಬೇಡಿ.

ನಿಮ್ಮ ಎಕ್ಸ್‌ರೇ ನಿಜಕ್ಕೂ ಮುಖ್ಯ ಸುಳಿವು. ಮೂಳೆ ಕ್ಯಾನ್ಸರ್ ಸಾಮಾನ್ಯವಾಗಿ ಕೀಲು ದಾಟುವುದಿಲ್ಲ. ಎರಡೂ ಕಡೆ ಸವೆದಿದ್ದರೆ ಕೀಲಿನಲ್ಲೇ ಹುಟ್ಟಿದ ಗಡ್ಡೆಯನ್ನು ಶಂಕಿಸಬೇಕು. ರಾಟ್‌ವೈಲರ್‌ಗಳಲ್ಲಿ ಹಿಸ್ಟಿಯೋಸೈಟಿಕ್ ಸಾರ್ಕೋಮಾ ಹೆಚ್ಚು. ಬರ್ನೀಸ್ ಮೌಂಟನ್, ಫ್ಲ್ಯಾಟ್ ಕೋಟೆಡ್ ರಿಟ್ರೀವರ್‌ಗಳಲ್ಲೂ ಅಷ್ಟೇ. ರೋಗಾಣು ಹಿಡಿದು ಉಳಿದ ರಕ್ಷಣಾ ಕಣಗಳಿಗೆ ತೋರಿಸುವ ಡೆಂಡ್ರಿಟಿಕ್ ಕಣಗಳೇ ಇಲ್ಲಿ ಕೆಡುತ್ತವೆ.

ಆದರೆ ಸೂಜಿಯಲ್ಲಿ ಬರೋದು ಬಿಡಿ ಕಣಗಳು ಮಾತ್ರ. ಅಂಗಾಂಶದ ತುಂಡು ಬೇಕು, ಅಂದರೆ ಬಯಾಪ್ಸಿ. ಅದರ ಮೇಲೆ ಇಮ್ಯುನೋ ಸ್ಟೇನ್ ಮಾಡಿಸಿ, ಅಂದರೆ ಕಣಗಳ ಗುರುತಿನ ಪ್ರೋಟೀನ್‌ಗಳಿಗೆ ಬಣ್ಣ ಹಿಡಿಸುವ ಪರೀಕ್ಷೆ. ಐಬಿಎ1, ಸಿಡಿ204 ಎಂಬ ಗುರುತುಗಳು ಬಣ್ಣ ಹಿಡಿದು, ಲಿಂಫೋಮಾದ ಗುರುತುಗಳಾದ ಸಿಡಿ3, ಸಿಡಿ20 ಹಿಡಿಯದಿದ್ದರೆ ರೋಗನಿರ್ಣಯ ಗಟ್ಟಿಯಾಗುತ್ತದೆ. ಹಿಂದೆ ಸೈನೋವಿಯಲ್ ಸಾರ್ಕೋಮಾ (ಕೀಲಿನ ಒಳಪೊರೆಯ ಕ್ಯಾನ್ಸರ್) ಎಂದು ಕರೆದ ಎಷ್ಟೋ ಗಡ್ಡೆಗಳು ಹೀಗೆ ನೋಡಿದಾಗ ಇದೇ ಆಗಿದ್ದವು. ತುಂಡನ್ನು 10% ಫಾರ್ಮಲಿನ್‌ನಲ್ಲಿ ಹಾಕಬೇಕು, ಫ್ರೀಜರ್‌ನಲ್ಲಿ ಇಡಬಾರದು. ಯಾವ ಸ್ಟೇನ್ ಮಾಡ್ತಾರೆ ಎಂದು ಲ್ಯಾಬ್‌ಗೆ ಮೊದಲೇ ಫೋನ್ ಮಾಡಿ.

ಸಿಂಬಾ ತಾಯಿ, ಹುಬ್ಬಳ್ಳಿ:
ನಮ್ಮ ಗೋಲ್ಡನ್ ರಿಟ್ರೀವರ್ ಸಿಂಬಾಗೆ ಕಾಲಲ್ಲಿ ಏನೂ ಇರಲಿಲ್ಲ. ಒಸಡು ಬಿಳಿಚಿಕೊಂಡಿತ್ತು, ಪ್ಲೇಟ್‌ಲೆಟ್ ಕಡಿಮೆ. ಟಿಕ್ ಫೀವರ್ ಅಂತಲೇ ಔಷಧಿ ಕೊಡುತ್ತಾ ಬಂದರು. ಸ್ಕ್ಯಾನ್ ಮಾಡಿದಾಗ ಗುಲ್ಮ ತುಂಬಾ ಊದಿತ್ತು. ಅವನು ಉಳಿಯಲಿಲ್ಲ. ಭೈರನ ಹೊಟ್ಟೆ ಸ್ಕ್ಯಾನ್ ದಯವಿಟ್ಟು ಬಿಡಬೇಡಿ.

ಪಶುವೈದ್ಯೆ, ಮೈಸೂರು:
ನಿಮ್ಮ ನೋವು ಅರ್ಥವಾಗುತ್ತದೆ ಅಮ್ಮ. ಇದೇ ಕ್ಯಾನ್ಸರ್‌ನಲ್ಲಿ ಗುಲ್ಮದ ಮ್ಯಾಕ್ರೊಫೇಜ್‌ಗಳಿಂದ (ಹಳೆಯ ಕಣಗಳನ್ನು ನುಂಗುವ ರಕ್ಷಣಾ ಕಣಗಳು) ಹುಟ್ಟುವ ಬಗೆ ಒಂದಿದೆ. ಕೆಟ್ಟ ಕಣಗಳು ಕೆಂಪು ರಕ್ತಕಣಗಳನ್ನೇ ನುಂಗುತ್ತವೆ. ಉಣ್ಣಿ ಜಾಸ್ತಿ ಇರುವ ನಮ್ಮ ಕಡೆ ಅದು ಟಿಕ್ ಫೀವರ್ ಥರವೇ ಕಾಣುತ್ತದೆ. ರಕ್ತಹೀನತೆ ಜೊತೆ ರಕ್ತದ ಆಲ್ಬುಮಿನ್ ಎಂಬ ಪ್ರೋಟೀನ್, ಕೊಲೆಸ್ಟ್ರಾಲ್ ಎರಡೂ ಇಳಿದಿದ್ದರೆ ಅದನ್ನು ನೆನೆಯಬೇಕು.

ಭೈರನ ಮನೆ, ದಾವಣಗೆರೆ:
ಮೇಡಂ, ಬಯಾಪ್ಸಿಯಲ್ಲಿ ಖಚಿತವಾದರೆ ತಕ್ಷಣ ಕಾಲು ತೆಗೆಸೋದಾ?

ಪಶುವೈದ್ಯೆ, ಮೈಸೂರು:
ಅದಕ್ಕೂ ಮೊದಲು ಎದೆಯ ಎಕ್ಸ್‌ರೇ, ಹೊಟ್ಟೆ ಸ್ಕ್ಯಾನ್, ಮಂಡಿ ಹಿಂದಿನ ಲಿಂಫ್ ನೋಡ್‌ಗೆ ಸೂಜಿ ಪರೀಕ್ಷೆ. ಒಂದೇ ಕಡೆ ಇದ್ದರೆ ಕಾಲು ತೆಗೆದು ಲೋಮಸ್ಟಿನ್ ಎಂಬ ಕೀಮೋ ಔಷಧಿ ಕೊಡುವುದಕ್ಕೆ ಅರ್ಥವಿದೆ. ಎಲ್ಲೆಡೆ ಹರಡಿದ್ದರೆ ನಾನಾದರೆ ಆ ಆಪರೇಷನ್ ಮಾಡಿಸುವುದಿಲ್ಲ, ನೋವು ಕಡಿಮೆ ಮಾಡುವ ಕಡೆ ನೋಡುತ್ತೇನೆ. ರಿಪೋರ್ಟ್ ಬಂದ ಮೇಲೆ ಇಲ್ಲೇ ಹಾಕಿ.