ಕ್ಯಾಂಟನೀಸ್ ನುಡಿಗಟ್ಟು 'ಮೀನ್ ಪತ್ ಕೊಯ್ ಯುಂಗ್': ಉಚ್ಚಾರ ಮತ್ತು ಬಳಕೆ

ಪ್ರಶ್ನೆ:
ಏನೇ ಆದರೂ ಮುಖಭಾವ ಬದಲಾಗದವರ ಬಗ್ಗೆ ಹಾಂಗ್ ಕಾಂಗ್‌ನಲ್ಲಿ ಹೇಳುವ ನಾಲ್ಕಕ್ಷರದ ಮಾತಿದು. ಜ್ಯುಟ್‌ಪಿಂಗ್ (ಕ್ಯಾಂಟನೀಸ್ ಉಚ್ಚಾರವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವ ಪದ್ಧತಿ) ನೋಡಿ 'ಮಿನ್ ಬ್ಯಾಟ್ ಗೋಯ್ ಜುಂಗ್' ಅಂದರೆ ಯಾರಿಗೂ ಅರ್ಥವಾಗುತ್ತಿಲ್ಲ. ಸರಿಯಾಗಿ ಹೇಳುವುದು ಹೇಗೆ? ಸಹೋದ್ಯೋಗಿಯನ್ನು ಹೊಗಳಲು ನಡೆಯುತ್ತಾ?

ಉತ್ತರ 1:
ಇಂಗ್ಲಿಷ್ ಓದುವ ಹಾಗೆ ಓದುತ್ತಿದ್ದೀರಿ, ತೊಂದರೆ ಅಲ್ಲೇ. ಜ್ಯುಟ್‌ಪಿಂಗ್‌ನ 'ಬಿ' ನಮ್ಮ ಪ, 'ಪಿ' ನಮ್ಮ ಫ (ಮಹಾಪ್ರಾಣ). ಹಾಗೆಯೇ 'ಜಿ' (g) ಅಂದರೆ ಕ, 'ಕೆ' (k) ಅಂದರೆ ಖ, 'ಜೆ' (j) ಅಂದರೆ ಯ. ಅಲ್ಪಪ್ರಾಣ-ಮಹಾಪ್ರಾಣದ ಭೇದ ಗೊತ್ತಿರುವ ಕನ್ನಡಿಗರಿಗೆ ಇದು ನಿಜಕ್ಕೂ ಅನುಕೂಲ.

ಟೋನ್‌ಗಳು (ಅರ್ಥವನ್ನೇ ಬದಲಿಸುವ ದನಿಯ ಏರಿಳಿತ, ಅಂಕಿಯಿಂದ ಗುರುತಿಸುತ್ತಾರೆ) 6-1-2-4. ಮೀನ್ (ಮುಖ) ತಗ್ಗಿನಲ್ಲಿ ಸಮವಾಗಿ. ಪತ್ (ಇಲ್ಲ) ಎತ್ತರದಲ್ಲಿ, ಚಿಕ್ಕದಾಗಿ. ನಾಲಿಗೆ ತ್ ಜಾಗಕ್ಕೆ ತಾಗಿ ಅಲ್ಲೇ ನಿಲ್ಲಬೇಕು, ಉಸಿರು ಹೊರಬಿಟ್ಟರೆ 'ಪತ್ತು' ಆಗಿಬಿಡುತ್ತೆ. ಕೊಯ್ (ಬದಲಾಗು) ಕೆಳಗಿಂದ ಮೇಲಕ್ಕೆ ಏರಬೇಕು. 'ದಯವಿಟ್ಟು', 'ಥ್ಯಾಂಕ್ಸ್' ಎರಡಕ್ಕೂ ಅಲ್ಲಿ ದಿನವಿಡೀ ಕೇಳಿಸುವ 'ಮ್ ಕೊಯ್'ನ ಕೊಯ್ ಟೋನ್ 1, ಎತ್ತರದಲ್ಲೇ ನಿಲ್ಲುತ್ತೆ. ಅದೇ ಧಾಟಿ ಇಲ್ಲಿಗೆ ತಂದರೆ ಕೆಟ್ಟಿತು. ಯುಂಗ್ (ಚಹರೆ) ತಗ್ಗಿನಿಂದ ಇನ್ನೂ ಕೆಳಕ್ಕೆ ಇಳಿಯುತ್ತೆ, ಕೊನೆಯಲ್ಲಿ ಙ್ ಮಾತ್ರ, ಗ್ ಕೇಳಿಸಬಾರದು. ಇಳಿಸದೆ ಸಮವಾಗಿ ಎಳೆದರೆ 'ಬಳಸು' ಅನ್ನುವ ಬೇರೆ ಪದ.

ಉತ್ತರ 2:
ಬಳಕೆಯ ಬಗ್ಗೆ. ಆಡುಮಾತಿನ 'ಇಲ್ಲ' ಅಂದರೆ 'ಮ್', ಆದರೂ ಇದು ಗ್ರಾಂಥಿಕ ನುಡಿಗಟ್ಟಾದ್ದರಿಂದ 'ಪತ್' ಬದಲಿಸುವಂತಿಲ್ಲ. ಕ್ರಿಯಾಪದದ ಮುಂದೆ 'ಕಮ್' (ಟೋನ್ 2, 'ಹಾಗೆ') ಸೇರಿಸಿ: 'ಮೀನ್ ಪತ್ ಕೊಯ್ ಯುಂಗ್ ಕಮ್ ತಾಪ್', ಅಂದರೆ ಮುಖಭಾವ ಬದಲಾಗದೆ ಉತ್ತರಿಸಿದ. ಹೊಗಳಿಕೆಗೆ ನಡೆಯುತ್ತೆ. ಆದರೆ ರೆಪ್ಪೆ ಮಿಟುಕಿಸದೆ ಸುಳ್ಳು ಹೇಳುವವನಿಗೂ ಇದೇ ಮಾತು, ಹಾಗಾಗಿ ಏನು ಮಾಡುವಾಗ ಅಂತ ಸೇರಿಸಿಯೇ ಹೇಳಿ. ಬರೀ ಸಮಾಧಾನದ ಮನುಷ್ಯ ಅನ್ನಲು 'ಹೌ ತಾಮ್ ತಿಂಗ್' (2-6-6) ಸಾಕು, ಆಫೀಸಿನಲ್ಲಿ ಅದೇ ಸಹಜ.

ಪ್ರಶ್ನೆ ಕೇಳಿದವರು:
ಧನ್ಯವಾದ ಸರ್. 'ಮುಕ್ ಹವ್ ಮುಕ್ ಮೀನ್' ಅಂದರೂ ಇದೇ ಅರ್ಥವಾ?

ಉತ್ತರ 2:
ಅಲ್ಲ, ಅದು ತೆಗಳಿಕೆ. ಮುಕ್ ಅಂದರೆ ಮರ, ಹವ್ ಅಂದರೆ ಬಾಯಿ: ಜೀವಕಳೆಯಿಲ್ಲದ ಮುಖ. ಅಲ್ಲಿ ಮುಕ್ ಬದಲು 'ಹಾಕ್' (ಕಪ್ಪು) ಬಂದರೆ ಮುಖ ಗಂಟುಹಾಕಿಕೊಂಡವರು. ಸಹೋದ್ಯೋಗಿಗೆ ಎರಡೂ ಬೇಡ.